ಮುರಿದ ಕಡ್ಡಿಯೂ ನೂರ ಇಪ್ಪತ್ತೇಳು ಹಲ್ಲಿನ ಚಕ್ರವೂ



ತರಗತಿಯಲ್ಲಿ ನನ್ನ ಮೇಜಿನ ಮೇಲೆ, ಹಾಜರಿ ಪುಸ್ತಕದ ಪಕ್ಕದಲ್ಲಿ, ಬೆರಳುದ್ದದ ಕಬ್ಬಿಣದ ತುಂಡೊಂದು ಇರುತ್ತಿದ್ದುದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಗಾಳಿಗೆ ಕಾಗದಗಳು ಹಾರದಂತೆ ಅದನ್ನು ಇಡುತ್ತಿದ್ದೆ. ಕೈಗಾರಿಕಾ ಕ್ರಾಂತಿಯ ಪಾಠ ಬಂದಾಗ ಅದನ್ನು ನಿಮ್ಮ ಕೈಗೆ ಕೊಟ್ಟು, ಮುರಿದ ಮುಖದಲ್ಲಿ ಏನು ಕಾಣುತ್ತದೆಯೆಂದು ಕೇಳುತ್ತಿದ್ದೆ. "ತುಕ್ಕು, ಸಾರ್" ಎಂದವರೇ ಹೆಚ್ಚು.

ಕಳೆದ ತಿಂಗಳು ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಮಾತನಾಡುತ್ತ, "ಆ ಕಬ್ಬಿಣದ ತುಂಡು ನಿಮಗೆ ಎಲ್ಲಿ ಸಿಕ್ಕಿತು ಅಂತ ಕೊನೆಗೂ ನೀವು ಹೇಳಲೇ ಇಲ್ಲವಲ್ಲ ಸಾರ್" ಎಂದಳು. ಅವಳ ಮಾತು ನಿಜ. ಆ ತುಂಡಿನ ಕಥೆಯಲ್ಲಿ ಇತಿಹಾಸದ ಭಾಗವನ್ನು ಮಾತ್ರ ನಿಮಗೆ ಹೇಳಿದ್ದೆ. ನನ್ನ ಭಾಗವನ್ನು ಬಚ್ಚಿಟ್ಟಿದ್ದೆ. ನಿವೃತ್ತನಾಗಿ ಕೆಲವು ವರ್ಷಗಳೇ ಆದವು. ಇನ್ನು ಬಚ್ಚಿಡುವುದರಲ್ಲಿ ಅರ್ಥವಿಲ್ಲ.

ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತು, 1983ನೆಯ ಇಸವಿ. ಒಂಬತ್ತನೆಯ ತರಗತಿಗೆ ಕೈಗಾರಿಕಾ ಕ್ರಾಂತಿಯ ಪಾಠ ನಡೆದಿತ್ತು. ಸ್ಪಿನ್ನಿಂಗ್ ಜೆನ್ನಿ ಹಾರ್‌ಗ್ರೀವ್ಸ್, ವಾಟರ್ ಫ್ರೇಮ್ ಆರ್ಕ್‌ರೈಟ್, ಮ್ಯೂಲ್ ಕ್ರಾಂಪ್ಟನ್, ವಿದ್ಯುತ್ತಿಲ್ಲದ ಕಾಲದ ಯಂತ್ರಮಗ್ಗ ಕಾರ್ಟ್‌ರೈಟ್, ಉಗಿಯಂತ್ರ ಜೇಮ್ಸ್ ವಾಟ್ ಎಂದು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತು, "ಸಾರ್, ಈ ಯಂತ್ರಗಳನ್ನೆಲ್ಲ ಮಾಡಿದ ಯಂತ್ರ ಯಾವುದು?" ಎಂದು ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕೆ. "ಮೊದಲು ಹಲಗೆಯ ಮೇಲಿರುವುದನ್ನು ಕಲಿ. ಪರೀಕ್ಷೆಯಲ್ಲಿ ಅದನ್ನೇ ಕೇಳುವುದು" ಎಂದು ಕೂರಿಸಿದೆ. ನಿಜ ಹೇಳಬೇಕೆಂದರೆ, ಉತ್ತರ ನನಗೆ ತಿಳಿದಿರಲಿಲ್ಲ. ಆ ಹುಡುಗ ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತದಲ್ಲಿ ಎರಡು ಬಾರಿ ನಪಾಸಾಗಿ ಶಾಲೆಯ ಕಡೆ ಬರುವುದನ್ನೇ ಬಿಟ್ಟ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ವರ್ಷದವರಿಗೆ ಗೊತ್ತಾಗುತ್ತದೆ.

ಇನ್ನು ಕಾರಿನ ವಿಷಯ. ನನ್ನ ಸೋದರಮಾವನವರ ಬಳಿ ಒಂದು ಮಾರಿಸ್ ಮೈನರ್ ಇತ್ತು. ಕಾಫಿ ತೋಟದ ಮಾಲೀಕರೊಬ್ಬರಿಂದ ಅವರು ಅದನ್ನು 1966ರಲ್ಲಿ ಕೊಂಡಿದ್ದರು. ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರು ರೂಪಿಸಿದ ಈ ಪುಟ್ಟ ಕಾರು 1948ರಲ್ಲಿ ಇಂಗ್ಲೆಂಡಿನಲ್ಲಿ ಮಾರುಕಟ್ಟೆಗೆ ಬಂದಿತು. ಬ್ರಿಟನ್ನಿನಲ್ಲಿ ಹತ್ತು ಲಕ್ಷದ ಸಂಖ್ಯೆಯನ್ನು ಮುಟ್ಟಿದ ಮೊದಲ ಕಾರು ಅದೇ. 1971ರ ಹೊತ್ತಿಗೆ ಅದರ ತಯಾರಿಕೆ ನಿಂತೇಹೋಯಿತು. ಮಾವನವರು ಮಾತ್ರ ಅದನ್ನು ಮನೆಯ ಹಸುವಿನಂತೆ ಸಾಕಿದ್ದರು.

1991ರ ಬೇಸಿಗೆಯಲ್ಲಿ ದಾವಣಗೆರೆಯಲ್ಲಿ ನನ್ನ ತಂಗಿಯ ವರಸೆಯ ಹುಡುಗಿಯೊಬ್ಬಳ ನಿಶ್ಚಿತಾರ್ಥ. ಮಾವ, ಅತ್ತೆ, ನಾನು ಬೆಳಿಗ್ಗೆಯೇ ಹೊನ್ನಾಳಿಯ ಕಡೆಯಿಂದ ಹೊರಟೆವು. ಮಲೇಬೆನ್ನೂರು ದಾಟಿ ಭದ್ರಾ ನಾಲೆಯ ಗದ್ದೆ ಬಯಲಿನಲ್ಲಿ ಎತ್ತಿನ ಗಾಡಿಯೊಂದಕ್ಕೆ ದಾರಿ ಬಿಡಲೆಂದು ಮಾವ ಕ್ಲಚ್ ತುಳಿದರು. ಟಕ್ ಎಂದು ಸದ್ದಾಯಿತು. ಪೆಡಲು ನೆಲಕ್ಕೆ ಬಿತ್ತು, ಮತ್ತೆ ಏಳಲಿಲ್ಲ.

ಎಂಜಿನ್ನಿನ ತಿರುಗಾಟವನ್ನು ಗಾಲಿಗಳಿಂದ ಕ್ಷಣಕಾಲ ಬೇರ್ಪಡಿಸುವುದಷ್ಟೇ ಕ್ಲಚ್ಚಿನ ಕೆಲಸ. ಈಚಿನ ಕಾರುಗಳಲ್ಲಿ ಪಾದದ ಒತ್ತಡವನ್ನು ತಂತಿಯೋ ಎಣ್ಣೆಯೋ ಅಲ್ಲಿಗೆ ಮುಟ್ಟಿಸುತ್ತದೆ. ಮಾರಿಸ್ ಮೈನರಿನಲ್ಲಿ ಎಲ್ಲವೂ ಬರಿಯ ಕಬ್ಬಿಣ: ಪೆಡಲಿನಿಂದ ಒಂದು ಕಡ್ಡಿ, ಕಡ್ಡಿಯಿಂದ ಅಡ್ಡಲಾದ ಒಂದು ದಂಡ, ದಂಡದಿಂದ ಕ್ಲಚ್ಚಿನ ಕವೆಗೋಲು. ಕಡ್ಡಿಯ ಒಂದು ತುದಿಯಲ್ಲಿ ತಿರುಪಿನ ಸುತ್ತುಗಳಿದ್ದು, ಅಲ್ಲಿರುವ ನಟ್ಟನ್ನು ತಿರುಗಿಸಿ ಪೆಡಲಿನ ಸಡಿಲವನ್ನು ಹೊಂದಿಸಬೇಕು. ಕಡ್ಡಿ ಮುರಿದಿದ್ದುದು ಆ ಸುತ್ತುಗಳ ನಡುವೆಯೇ.

ಮಾವ ಹಳೆಯ ಕಾಲದ ಸಾರಥಿ. ಎಂಜಿನ್ ನಿಲ್ಲಿಸಿ, ಮೊದಲ ಗೇರಿಗೆ ಹಾಕಿ, ಸ್ಟಾರ್ಟರ್ ಗುಬ್ಬಿಯನ್ನು ಎಳೆದರು. ಕಾರು ಕುಪ್ಪಳಿಸಿಕೊಂಡೇ ಹೊರಟಿತು. ಮುಂದೆ ಎಂಜಿನ್ನಿನ ಸದ್ದನ್ನು ಕಿವಿಯಲ್ಲೇ ಅಳೆದು, ವೇಗ ಹೊಂದಿದ ಕ್ಷಣಕ್ಕೆ ಗೇರು ಬದಲಾಯಿಸುತ್ತ, ಹೀಗೆ ಕ್ಲಚ್ಚೇ ಇಲ್ಲದೆ ಹರಿಹರ ತಲುಪಿಸಿದರು. ಅತ್ತೆ ದಾರಿಯುದ್ದಕ್ಕೂ ಹರಿಹರೇಶ್ವರನನ್ನು ನೆನೆಯುತ್ತಿದ್ದರು.

ಬಿಡಿಭಾಗ ಮಾರುವ ಅಂಗಡಿಯವರು ತುಂಡನ್ನು ನೋಡಿ ಕೈಯಾಡಿಸಿದರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಕ್ಕೀತು ಎಂದರು. ಒಬ್ಬರು ಮಾತ್ರ, "ಲೇತಿನವನ ಹತ್ತಿರ ಮಾಡಿಸಿಕೊಳ್ಳಿ" ಎಂದು ಒಂದು ಶೆಡ್ಡನ್ನು ತೋರಿಸಿದರು. ಒಳಗೆ ಎಣ್ಣೆಯ ವಾಸನೆ, ನೆಲದ ಮೇಲೆ ಸುರುಳಿ ಸುರುಳಿಯಾದ ಉಕ್ಕಿನ ಸಿಪ್ಪೆ. ಯಂತ್ರದ ಮುಂದೆ ಬಗ್ಗಿದ್ದ ಯುವಕ ತಲೆಯೆತ್ತಿ, ಕೈ ಒರೆಸಿಕೊಂಡು, "ಬನ್ನಿ ಸಾರ್, ಕೂತ್ಕೊಳ್ಳಿ" ಎಂದ. ಹಿಂದಿನ ಬೆಂಚಿನ ಅದೇ ಹುಡುಗ.

ಕಾರಿನ ಕೆಳಗೆ ನುಸುಳಿ ಮುರಿದ ಎರಡು ತುಂಡುಗಳನ್ನೂ ಬಿಚ್ಚಿ ತಂದು ಬೆಳಕಿಗೆ ಹಿಡಿದ. "ನೋಡಿ ಸಾರ್, ಈ ಅರ್ಧ ಕಪ್ಪಾಗಿದೆ, ನುಣುಪಾಗಿದೆ. ಇದು ಮುರಿದು ತಿಂಗಳುಗಳೇ ಆಗಿವೆ. ಈ ಇನ್ನರ್ಧ ಹೊಳೀತಿದೆ, ಒರಟಾಗಿದೆ. ಇದು ಇವತ್ತು ಮುರಿದದ್ದು. ಇಷ್ಟು ದಿನ ಇದೊಂದೇ ಭಾರ ಹೊತ್ತಿದೆ." ನಿಮ್ಮ ಕೈಗೆ ಕೊಟ್ಟಾಗ ನಾನು ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಇದು. ತುಕ್ಕು ಇಂದು ಎರಡು ಭಾಗಗಳನ್ನೂ ಒಂದೇ ಬಣ್ಣ ಮಾಡಿದೆ. ಬೆರಳಾಡಿಸಿದರೆ ಮಾತ್ರ ನುಣುಪು ಯಾವುದು, ಒರಟು ಯಾವುದು ಎಂದು ತಿಳಿಯುತ್ತದೆ.

ಆಮೇಲೆ ಅವನು ನಟ್ಟನ್ನು ತಿರುಗಿಸಲು ಹೋದ. ಬರಲಿಲ್ಲ. ಇಕ್ಕಳದಲ್ಲಿ ಕಚ್ಚಿಸಿ ಬಿಡಿಸಿದಾಗ ಕಡ್ಡಿಯ ಸುತ್ತುಗಳೆಲ್ಲ ಹರಿದುಹೋಗಿದ್ದುದು ಕಂಡಿತು. "ಇದು ಎಂಟು ಮಿಲಿಮೀಟರಿನ ನಟ್ಟು. ಕಡ್ಡಿ ಅಂಗುಲದ ಲೆಕ್ಕದ್ದು. ಬಲವಂತವಾಗಿ ತಿರುಗಿಸಿದ್ದಾರೆ. ಸೀಳು ಶುರುವಾಗಿದ್ದು ಅಲ್ಲೇ. ಹಾಕಿದ ಪುಣ್ಯಾತ್ಮ ಯಾರು ಸಾರ್?"

ಮಾವ ನನ್ನ ಮುಖ ನೋಡಿದರು. ನಾನು, "ಯಾವುದೋ ಗ್ಯಾರೇಜಿನವನು ಹಾಕಿದ್ದಿರಬೇಕು" ಎಂದೆ.

ಹಾಕಿದವನು ನಾನು. ಹಿಂದಿನ ವರ್ಷ ರಜೆಯಲ್ಲಿ ಮಾವನವರ ಮನೆಗೆ ಹೋಗಿದ್ದಾಗ ಪೆಡಲಿನ ಸಡಿಲವನ್ನು ಸರಿಪಡಿಸಲು ಹೊರಟು, ಹಳೆಯ ನಟ್ಟನ್ನು ಚರಂಡಿಯಲ್ಲಿ ಕಳೆದುಕೊಂಡಿದ್ದೆ. ಕಬ್ಬಿಣದ ಅಂಗಡಿಯಿಂದ ಕಣ್ಣಳತೆಗೆ ಸರಿಹೊಂದುವ ಒಂದನ್ನು ತಂದೆ. ಎರಡು ಸುತ್ತು ಬೆರಳಿನಲ್ಲೇ ಹೋಯಿತು, ಆಮೇಲೆ ಬಿಗಿಯಾಯಿತು. ಉದ್ದನೆಯ ಸ್ಪ್ಯಾನರ್ ಹಾಕಿ ಒತ್ತಿ ತಿರುಗಿಸಿ, "ಎಷ್ಟು ಬಿಗಿಯಾಗಿ ಕೂತಿದೆ ನೋಡಿ ಮಾವ, ಇನ್ನು ಜನ್ಮದಲ್ಲಿ ಸಡಿಲವಾಗದು" ಎಂದಿದ್ದೆ. ಅದನ್ನು ಬಲ್ಲ ಮಾವ ಶಿಷ್ಯನ ಎದುರಿಗೆ ನನ್ನ ಮಾನ ಉಳಿಸಿ ಸುಮ್ಮನಿದ್ದರು. ನಾನು ಆ ಮೌನದ ಮರೆಯಲ್ಲಿ, ಇಲ್ಲದ ಮೆಕ್ಯಾನಿಕ್ಕನೊಬ್ಬನ ತಲೆಗೆ ತಪ್ಪನ್ನು ಕಟ್ಟಿದೆ. ಓದಿದವನ ತಪ್ಪಿಗೆ ಕೈಕೆಲಸದವನು ಹೊಣೆಯಾಗುವುದು ನಮ್ಮಲ್ಲಿ ಎಷ್ಟು ಸಹಜವೆಂದರೆ, ಹಾಗೆ ಹೇಳುವಾಗ ನನ್ನ ನಾಲಗೆ ತಡವರಿಸಲೂ ಇಲ್ಲ.

ಆ ನಟ್ಟು ಏಕೆ ಹೊಂದಲಿಲ್ಲ ಎಂಬ ಪ್ರಶ್ನೆಯೇ ನನ್ನನ್ನು ಮುಂದೆ ಗ್ರಂಥಾಲಯಕ್ಕೆ ಕಳಿಸಿತು. ಹುಡುಗನ ಹಳೆಯ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಸಿಕ್ಕಿತು.

ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಹಕ್ಕುಪತ್ರ ಪಡೆದದ್ದು 1769ರಲ್ಲಿ. ಆದರೂ ಕೆಲವು ವರ್ಷ ಅದು ಕೆಲಸಕ್ಕೆ ಬಾರದೆ ಉಳಿಯಿತು. ಉಗಿ ಸೋರದಷ್ಟು ದುಂಡಗಿನ ಸಿಲಿಂಡರನ್ನು ಕೊರೆದುಕೊಡಬಲ್ಲವರೇ ಇರಲಿಲ್ಲ. ಫಿರಂಗಿಯ ನಳಿಕೆ ಕೊರೆಯಲೆಂದು ಜಾನ್ ವಿಲ್ಕಿನ್ಸನ್ 1774ರಲ್ಲಿ ರೂಪಿಸಿದ ಯಂತ್ರವೇ ವಾಟನ ಕನಸನ್ನು ಕಬ್ಬಿಣವಾಗಿಸಿತು. ಅನಂತರ ಬಂದವನು ಲಂಡನ್ನಿನ ಹೆನ್ರಿ ಮಾಡ್ಸ್ಲೇ. ಕಡೆಯುವ ವಿದ್ಯೆಯೇನೋ ಜಗತ್ತಿಗೆ ಹಳೆಯದು. ಬೇಲೂರಿನ ಹೊಯ್ಸಳ ಕಂಬಗಳನ್ನು ಕಡೆದವರಿಗೂ, ಚನ್ನಪಟ್ಟಣದ ಬೊಂಬೆಯವರಿಗೂ ಅದು ಗೊತ್ತಿತ್ತು. ಆದರೆ ಉಳಿಯನ್ನು ಹಿಡಿಯುವುದು ಕೈಯಾದರೆ ಸುತ್ತುಗಳ ಅಂತರ ಕೈ ಹೋದಂತೆ ಹೋಗುತ್ತದೆ. ಮಾಡ್ಸ್ಲೇ 1800ರ ಆಸುಪಾಸಿನಲ್ಲಿ ಪೂರ್ತಿ ಕಬ್ಬಿಣದ ಲೇತನ್ನು ಕಟ್ಟಿ, ಉಳಿಯನ್ನು ಗಾಡಿಯೊಂದಕ್ಕೆ ಬಿಗಿದು, ಆ ಗಾಡಿಯನ್ನು ಉದ್ದವಾದ ತಿರುಪಿನಿಂದ ನಡೆಸಿದ. ಅಂಥ ಪ್ರಯತ್ನ ಮಾಡಿದವರಲ್ಲಿ ಅವನು ಮೊದಲಿಗನಲ್ಲ. ಆದರೆ ಅದನ್ನು ಕಾರ್ಖಾನೆಯ ನಿತ್ಯದ ಕೆಲಸವಾಗಿಸಿದ ಕೀರ್ತಿ ಅವನದು. ಯಂತ್ರಗಳನ್ನು ಮಾಡಿದ ಯಂತ್ರ ಯಾವುದೆಂದರೆ, ಇದು.

ಆದರೂ ಒಂದು ತೊಡಕು ಉಳಿಯಿತು. ಆ ಕಾಲದ ಇಂಗ್ಲೆಂಡಿನಲ್ಲಿ ಒಂದೊಂದು ಕಾರ್ಖಾನೆಯ ತಿರುಪಿಗೂ ಒಂದೊಂದು ಅಳತೆ. ಮಾಡ್ಸ್ಲೇಯ ಬಳಿ ಕೆಲಸ ಕಲಿತ ಜೋಸೆಫ್ ವಿಟ್‌ವರ್ತ್ ನಾನಾ ಕಾರ್ಖಾನೆಗಳ ತಿರುಪುಗಳನ್ನು ತರಿಸಿ ಅಳೆದು, ಸರಾಸರಿ ತೆಗೆದು, 1841ರಲ್ಲಿ ಒಂದು ಏಕರೂಪದ ಅಳತೆಯನ್ನು ಸೂಚಿಸಿದ: ಸುತ್ತಿನ ಕೋನ 55 ಡಿಗ್ರಿ, ಇಂತಿಷ್ಟು ದಪ್ಪಕ್ಕೆ ಅಂಗುಲಕ್ಕೆ ಇಂತಿಷ್ಟೇ ಸುತ್ತು. ಅಮೆರಿಕದ ವಿಲಿಯಂ ಸೆಲ್ಲರ್ಸ್ 1864ರಲ್ಲಿ 60 ಡಿಗ್ರಿಯ ಬೇರೊಂದು ಅಳತೆಯನ್ನು ಮುಂದಿಟ್ಟ. ಎರಡನೆಯ ಮಹಾಯುದ್ಧದಲ್ಲಿ ಒಂದೇ ಪಕ್ಷದಲ್ಲಿ ಹೋರಾಡಿದ ಈ ಎರಡು ದೇಶಗಳ ನಟ್ಟು ಬೋಲ್ಟುಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಬ್ರಿಟನ್, ಅಮೆರಿಕ, ಕೆನಡಾ ದೇಶಗಳು 1948ರಲ್ಲಿ ಒಪ್ಪಂದಕ್ಕೆ ಬಂದು ಒಂದು ಸಮಾನ ಅಳತೆಯನ್ನು ಸ್ವೀಕರಿಸಿದವು. ಮಾವನ ಕಾರಿನ ಕಡ್ಡಿಯ ಮೇಲಿದ್ದುದು ಈ ಒಪ್ಪಂದದ ಸುತ್ತು: ದಪ್ಪ ಅಂಗುಲದ ಹದಿನಾರರಲ್ಲಿ ಐದು ಭಾಗ, ಅಂಗುಲಕ್ಕೆ 24 ಸುತ್ತು. ಆ ದಪ್ಪ ಮಿಲಿಮೀಟರಿನಲ್ಲಿ 7.94, ಎಂಟಕ್ಕೆ ಕೂದಲೆಳೆಯಷ್ಟು ಕಡಿಮೆ. ಕಣ್ಣಿಗೆ ಎರಡೂ ಒಂದೇ. ನಾನು ಮೋಸಹೋದದ್ದು ಅಲ್ಲಿ.

ಅಳತೆ ಒಂದಾದರೆ ಏನಾಗುತ್ತದೆ ಎನ್ನುವುದಕ್ಕೆ ತರಗತಿಯಲ್ಲಿ ಒಂದು ಪ್ರಸಂಗ ಹೇಳುತ್ತಿದ್ದೆ, ನೆನಪಿದೆಯೇ? 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಂದ್ಯದ ಮೈದಾನದಲ್ಲಿ ಅಮೆರಿಕದ ಮೂರು ಕ್ಯಾಡಿಲಾಕ್ ಕಾರುಗಳನ್ನು ರಾಯಲ್ ಆಟೊಮೊಬೈಲ್ ಕ್ಲಬ್ಬಿನವರ ಕಣ್ಣೆದುರೇ ಪೂರ್ತಿ ಬಿಚ್ಚಿ, ಭಾಗಗಳನ್ನೆಲ್ಲ ಒಟ್ಟಿಗೆ ಬೆರೆಸಿ, ಮತ್ತೆ ಮೂರು ಕಾರುಗಳನ್ನಾಗಿ ಜೋಡಿಸಲಾಯಿತು. ಅರ ಹಿಡಿದು ಉಜ್ಜುವಂತಿರಲಿಲ್ಲ. ಸ್ಪ್ಯಾನರ್, ಸ್ಕ್ರೂಡ್ರೈವರ್ ಮಾತ್ರ. ಮೂರೂ 500 ಮೈಲಿ ಓಡಿದವು. ಕಂಪನಿಗೆ ಡ್ಯೂವಾರ್ ಟ್ರೋಫಿ ದೊರೆಯಿತು. ಅದಕ್ಕೆ ಮೊದಲು ಕಾರೆಂದರೆ ಒಂದೊಂದು ಭಾಗವನ್ನೂ ಅರದಿಂದ ಉಜ್ಜಿ ಉಜ್ಜಿ ಕೂರಿಸುವ ವಸ್ತು.

ಇದು ಪಠ್ಯದ ಇತಿಹಾಸ. ಆದರೆ ಬಿಡಿಭಾಗ ಬರುವ ದಾರಿಯೇ ಮುಚ್ಚಿದ ಊರಿನಲ್ಲಿ ಏನಾಗುತ್ತದೆ? ನಮ್ಮ ದೇಶದ ಮೋಟಾರಿನ ಇತಿಹಾಸ ಬಹುಪಾಲು ಅದೇ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ಸ್ವದೇಶಿ ಮೋಟಾರು ಕಾರ್ಖಾನೆಯ ಯೋಜನೆಯನ್ನು ಸಿದ್ಧಪಡಿಸಿ, ಅದಕ್ಕಾಗಿ ಯೂರೋಪು, ಅಮೆರಿಕ ಸುತ್ತಿ ಬಂದರು. ಉದ್ಯಮಿ ವಾಲಚಂದ್ ಹೀರಾಚಂದರು ಕೈಜೋಡಿಸಿದರು. ಮೈಸೂರು ಸಂಸ್ಥಾನ ಬೆಂಬಲಕ್ಕೆ ಮುಂದೆ ಬಂದರೂ ಬ್ರಿಟಿಷ್ ಆಡಳಿತದ ಒಪ್ಪಿಗೆ ದೊರೆಯಲಿಲ್ಲ. ಅದೇ ವಾಲಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ತೆರೆದರು. ಕಾರಿನ ಕಾರ್ಖಾನೆ ಮಾತ್ರ ಮುಂಬಯಿಗೆ ಹೋಯಿತು. ಸ್ವಾತಂತ್ರ್ಯದ ಅನಂತರ, 1953ರಿಂದ, ಭಾಗಗಳನ್ನು ಕ್ರಮವಾಗಿ ಇಲ್ಲಿಯೇ ತಯಾರಿಸದವರಿಗೆ ಇಲ್ಲಿ ಕಾರು ಜೋಡಿಸುವ ಅವಕಾಶವಿಲ್ಲವೆಂದು ಸರ್ಕಾರ ನಿರ್ಧರಿಸಿತು. ಹೊರಗಿನ ಕಾರುಗಳು ಬರುವುದು ನಿಂತಿತು. ಬಂದಿದ್ದವು ಓಡುತ್ತಲೇ ಇರಬೇಕಾಯಿತು. ಅವುಗಳನ್ನು ನಲವತ್ತು ವರ್ಷ ಓಡಿಸಿದವರು ಊರೂರಿನ ಲೇತಿನವರು, ಕಮ್ಮಾರರು, ಬೆಸುಗೆಯವರು. ಸಾವಿರ ಕಾರುಗಳಿಗೆ ಹೊಂದುವ ಭಾಗವನ್ನು ಮಾಡಿದವರ ಹೆಸರು ಪುಸ್ತಕದಲ್ಲಿದೆ. ಒಂದೇ ಕಾರಿಗೆ ಹೊಂದುವ ಒಂದೇ ಭಾಗವನ್ನು ಮಾಡಿಕೊಟ್ಟವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ.

ಅವರ ಕೈಗೆ ಲೇತು ಬಂದದ್ದಾದರೂ ಹೇಗೆ? ಅದರ ಉತ್ತರ ನಮ್ಮ ನೆರೆಯಲ್ಲಿಯೇ ಇದೆ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲಿನಿಂದ ಮೇಲೆ ಬಂದವರು. ಅವರ ಮನೆತನದ ಸಂಸ್ಥೆ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಹೆಸರಿನಿಂದ ಆರಂಭವಾಗಿ ಲೇತುಗಳನ್ನು ತಯಾರಿಸಿತು. 1953ರಲ್ಲಿ ಬೆಂಗಳೂರಿನ ಎಚ್.ಎಂ.ಟಿ. ಹುಟ್ಟಿತು. ನಮಗೆಲ್ಲ ಎಚ್.ಎಂ.ಟಿ. ಎಂದರೆ ಕೈಗಡಿಯಾರ, ಆದರೆ ಹೆಸರಿನಲ್ಲಿರುವುದು ಯಂತ್ರೋಪಕರಣ. ನನ್ನ ಶಿಷ್ಯನ ಶೆಡ್ಡಿನಲ್ಲಿದ್ದುದು ಹರಿಹರದ ಲೇತು, ಯಾರೋ ಬಳಸಿ ಮಾರಿದ್ದು. ಹರಿಹರದ ಆ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು.

ಮತ್ತೆ ಆ ದಿನಕ್ಕೆ ಬರುತ್ತೇನೆ. ಅವನು ಒಂದು ಉಕ್ಕಿನ ಸರಳನ್ನು ಆರಿಸಿ, ಕಲ್ಲಿಗೆ ಹಿಡಿದು ಕಿಡಿಯ ಬಣ್ಣ ನೋಡಿದ. ಮೆದು ಕಬ್ಬಿಣವಾದರೆ ಜಗ್ಗುತ್ತದೆ, ತೀರ ಗಡುಸಾದರೆ ಚಟ್ಟನೆ ಒಡೆಯುತ್ತದೆ ಎಂದ. ಸರಳನ್ನು ಲೇತಿಗೆ ಕಚ್ಚಿಸಿ ದಪ್ಪ ಇಳಿಸಿದ. ಸುತ್ತು ಕೊರೆಯುವ ಮೊದಲು ಲೇತಿನ ಪಕ್ಕದ ಮುಚ್ಚಳ ತೆಗೆದು, ಗೋಡೆಯ ಮೊಳೆಗೆ ತೂಗುಹಾಕಿದ್ದ ದೊಡ್ಡ ಹಲ್ಲುಚಕ್ರವೊಂದನ್ನು ಇಳಿಸಿಕೊಂಡ.

"ಇದು ನೂರ ಇಪ್ಪತ್ತೇಳು ಹಲ್ಲಿನದು ಸಾರ್. ಈ ಲೇತಿನ ಉದ್ದ ತಿರುಪು ಮಿಲಿಮೀಟರಿನದು. ನಿಮ್ಮ ಕಾರು ಅಂಗುಲದ್ದು. ಇದಿಲ್ಲದೆ ಹೊಂದೋದಿಲ್ಲ."

"ನೂರ ಇಪ್ಪತ್ತೇಳೇ ಏಕೆ? ನೂರ ಇಪ್ಪತ್ತೈದು ಆಗದೇ?" ಎಂದೆ.

ಅವನು ಸೀಮೆಸುಣ್ಣ ತೆಗೆದುಕೊಂಡು ಲೇತಿನ ತಗಡಿನ ಮೇಲೆಯೇ ಬರೆದ. ಒಂದು ಅಂಗುಲಕ್ಕೆ 25.4 ಮಿಲಿಮೀಟರು. ಚುಕ್ಕೆ ಹೋಗಬೇಕಾದರೆ ಐದರಿಂದ ಗುಣಿಸಬೇಕು. ಐದು ಅಂಗುಲ, 127 ಮಿಲಿಮೀಟರು. "127 ಯಾವುದರಿಂದಲೂ ಭಾಗ ಹೋಗೋದಿಲ್ಲ ಸಾರ್. ಚಿಕ್ಕ ಚಕ್ರ ಹಾಕಿ ಸರಿದೂಗಿಸೋಣ ಅಂದ್ರೆ ಆಗಲ್ಲ. ಅಷ್ಟೂ ಹಲ್ಲು ಇರಲೇಬೇಕು." ಗಣಿತದಲ್ಲಿ ಎರಡು ಸಲ ನಪಾಸಾದವನು ನನಗೆ ಅವಿಭಾಜ್ಯ ಸಂಖ್ಯೆಯ ಪಾಠ ಮಾಡುತ್ತಿದ್ದ. 25.4 ಎಂಬ ಆ ಅಳತೆ ಕೂಡ ಇಂಗ್ಲಿಷ್ ಮಾತನಾಡುವ ದೇಶಗಳೆಲ್ಲ ಕೂಡಿ 1959ರಲ್ಲಷ್ಟೇ ನಿಗದಿ ಮಾಡಿದ್ದೆಂದು ನಾನು ತಿಳಿದದ್ದು ಬಹಳ ಕಾಲದ ಮೇಲೆ.

ಸುತ್ತು ಮುಗಿಯುವ ಕಡೆ ಚೂಪಾದ ಮೂಲೆ ಉಳಿಯದಂತೆ ದುಂಡಗೆ ಬಳಸಿದ; ಸೀಳು ಮೂಲೆಯಿಂದಲೇ ಹೊರಡುತ್ತದಂತೆ. ಇನ್ನೊಂದು ತುದಿಯನ್ನು ಹ್ಯಾಕ್ಸಾದಿಂದ ಸೀಳಿ, ಅರದಿಂದ ಉಜ್ಜಿ ಕವೆಯಂತೆ ಮಾಡಿ, ಹಳೆಯದರ ಪಕ್ಕದಲ್ಲಿಟ್ಟು ಅಳೆದು, ತೂತು ಕೊರೆದ. ಸವೆದಿದ್ದ ಪಿನ್ನಿಗೆ ಬದಲು ಹೊಸ ಪಿನ್ನು. ಆರು ಮೂಲೆಯ ಸರಳಿನಿಂದ ಅದೇ ಅಳತೆಯ ನಟ್ಟು. ಆ ನಟ್ಟು ಹೊಸ ಸುತ್ತುಗಳ ಮೇಲೆ ಬೆರಳಿನಿಂದಲೇ ಕೊನೆಯವರೆಗೂ ಹೋಯಿತು. ಪೆಡಲಿಗೆ ಒಂದಂಗುಲದಷ್ಟು ಸಡಿಲ ಬಿಟ್ಟು, "ಈ ಸಡಿಲ ಇರಲೇಬೇಕು ಯಜಮಾನ್ರೇ. ಪೂರ್ತಿ ಬಿಗಿ ಮಾಡಿದ್ರೆ ಒಳಗಿನ ಇದ್ದಿಲಿನ ಬೇರಿಂಗು ಸವೆದುಹೋಗುತ್ತೆ" ಎಂದು ಮಾವನಿಗೆ ಹೇಳಿದ. ನಾಲ್ವತ್ತು ರೂಪಾಯಿ ಕೂಲಿ ಕೇಳಿದ; ಮಾವ ಐವತ್ತು ಕೊಟ್ಟರು. ನಾವು ದಾವಣಗೆರೆ ಮುಟ್ಟಿದಾಗ ಮುಹೂರ್ತ ಮೀರಿ, ಎಲೆಯಲ್ಲಿ ಚಿತ್ರಾನ್ನವಷ್ಟೇ ಉಳಿದಿತ್ತು.

ಮುರಿದ ತುಂಡನ್ನು ನಾನು ಜೇಬಿಗೆ ಹಾಕಿಕೊಂಡೆ. ಮುಂದಿನ ವರ್ಷದಿಂದ ಹಾರ್‌ಗ್ರೀವ್ಸ್, ಆರ್ಕ್‌ರೈಟರ ಜೊತೆಗೆ ವಿಲ್ಕಿನ್ಸನ್, ಮಾಡ್ಸ್ಲೇ, ವಿಟ್‌ವರ್ತರೂ ಹಲಗೆಯ ಮೇಲೆ ಬಂದರು. ಪರೀಕ್ಷೆಯಲ್ಲಿ ಕೇಳದ ಹೆಸರುಗಳನ್ನು ಏಕೆ ಹೇಳುತ್ತೀರೆಂದು ನಿಮ್ಮಲ್ಲಿ ಕೆಲವರು ಗೊಣಗಿದ್ದುಂಟು. ಕಾರಣವನ್ನು ಇಂದು ಹೇಳಿದ್ದೇನೆ. ಆ ಕಡ್ಡಿ ಮತ್ತೆ ಮುರಿಯಲಿಲ್ಲ. 2004ರಲ್ಲಿ ಮಾವ ತೀರಿಕೊಂಡ ಮೇಲೆ ಹಳೆಯ ಕಾರುಗಳ ಅಭಿಮಾನಿಯೊಬ್ಬರು ಬೆಂಗಳೂರಿಗೆ ಕಾರನ್ನು ಓಡಿಸಿಕೊಂಡೇ ಹೋದರು.

ಇದನ್ನು ಬರೆಯುವ ಮುನ್ನ ಅವನ ಅಪ್ಪಣೆ ಕೇಳಬೇಕೆನಿಸಿ ಫೋನು ಮಾಡಿದೆ. ಅವನಿಗೂ ಈಗ ಐವತ್ತು ದಾಟಿದೆ. ಒಂಬತ್ತನೆಯ ತರಗತಿಯ ಪ್ರಶ್ನೆಯನ್ನು ನೆನಪಿಸಿ, ಉತ್ತರವನ್ನೂ ಹೇಳಿದೆ. "ನಾನು ಹಾಗೆ ಕೇಳಿದ್ನಾ ಸಾರ್? ನೆನಪಿಲ್ಲ" ಎಂದು ನಕ್ಕ. ಬಳಿಕ, ಮೂವತ್ತಕ್ಕೂ ಹೆಚ್ಚು ವರ್ಷ ತಡವಾಗಿ, ಆ ನಟ್ಟನ್ನು ಹಾಕಿದವನು ಗ್ಯಾರೇಜಿನವನಲ್ಲ, ನಾನು ಎಂದೆ.

"ಅದು ಅವತ್ತೇ ಗೊತ್ತಿತ್ತು ಸಾರ್" ಎಂದ. "ಗ್ಯಾರೇಜಿನವನಾಗಿದ್ರೆ ಎರಡನೇ ಸುತ್ತಿಗೇ ಬಿಟ್ಟುಬಿಡ್ತಿದ್ದ."